ಮಕ್ಕಳು ಹೊಳೆಯ ನೀರು ಅಳೆಯಲು ಶುರು ಮಾಡಿದ್ದು ಹೇಗೆ?

1984. ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್. ಅಲ್ಲಿನ ಹ್ಯೂರಾನ್ ನದಿಯಲ್ಲಿ ವಿಂಡ್‌ಸರ್ಫಿಂಗ್ ಮಾಡಿದ್ದ ಕೆಲವು ಹೈಸ್ಕೂಲ್ ಮಕ್ಕಳಿಗೆ ಹೆಪಟೈಟಿಸ್ ಎ ಬಂತು. ಕೊಳೆ ನೀರಿನಿಂದ ಹರಡುವ ಕಾಮಾಲೆ ಅದು. ಜೊತೆಗೆ ಓದುತ್ತಿದ್ದ ಮಕ್ಕಳಿಗೆ ಅನುಮಾನ ಹುಟ್ಟಿತು. ಮಿಶಿಗನ್ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ಸ್ಟ್ಯಾಪ್ ಅವರ ನೆರವು ಪಡೆದು ತಾವೇ ನದಿ ನೀರನ್ನು ಪರೀಕ್ಷೆ ಮಾಡಿದರು. ಮಲದಿಂದ ಬರುವ ಬ್ಯಾಕ್ಟೀರಿಯಾ ಜಾಸ್ತಿ ಇತ್ತು. ಆ ಲೆಕ್ಕ ಹಿಡಿದು ಊರಿನ ಆಡಳಿತದ ಬಳಿ ಹೋದರು. ಚರಂಡಿ ವ್ಯವಸ್ಥೆಯ ದೋಷ ಗೊತ್ತಾಯಿತು, ಸರಿಯೂ ಆಯಿತು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಪರೀಕ್ಷೆಯಲ್ಲ, ಆಡಳಿತದ ಬಳಿ ಹೋದದ್ದು.

ಮೂರು ವರ್ಷದ ನಂತರ ಸ್ಟ್ಯಾಪ್ ಇದೇ ಕೆಲಸವನ್ನು ಪಕ್ಕದ ರೂಜ್ ನದಿಗೆ ಒಯ್ದರು. ಡೆಟ್ರಾಯಿಟ್ ಸುತ್ತ ಹರಿಯುವ ಈ ನದಿಯ ದಡದಲ್ಲೇ ಫೋರ್ಡ್ ಕಂಪನಿಯ ದೊಡ್ಡ ಕಾರ್ಖಾನೆ ಇದೆ. ಮೇಲಿದ್ದ ಎಣ್ಣೆಯಿಂದಾಗಿ 1969ರಲ್ಲಿ ಈ ನದಿಗೆ ಬೆಂಕಿ ಹೊತ್ತಿಕೊಂಡಿತ್ತು. 1985ರಲ್ಲಿ ನೀರಿಗೆ ಬಿದ್ದ ಯುವಕನೊಬ್ಬ ಇಲಿಜ್ವರದಿಂದ ತೀರಿಕೊಂಡಿದ್ದ. ಮಳೆನೀರು, ಶೌಚದ ನೀರು ಎರಡಕ್ಕೂ ಅಲ್ಲಿ ಒಂದೇ ಕೊಳವೆ. ಜೋರು ಮಳೆ ಬಂದರೆ ಎಲ್ಲ ಉಕ್ಕಿ ನದಿಗೇ ಸೇರುತ್ತಿತ್ತು.

1987ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಗರದ ಬಡ ಬಡಾವಣೆಯ ಶಾಲೆಗಳೂ ಇದ್ದವು, ಅನುಕೂಲಸ್ಥರ ಹೊರವಲಯದ ಶಾಲೆಗಳೂ ಇದ್ದವು. ಎಲ್ಲರಿಗೂ ಅದೇ ಒಂಬತ್ತು ಪರೀಕ್ಷೆ: ಕರಗಿದ ಆಮ್ಲಜನಕ, ಮಲದ ಬ್ಯಾಕ್ಟೀರಿಯಾ, ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಅನ್ನುವ ಅಳತೆ), ಬಿಒಡಿ (ಕೊಳಚೆಯನ್ನು ಕರಗಿಸಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ), ಉಷ್ಣಾಂಶದ ವ್ಯತ್ಯಾಸ, ಫಾಸ್ಫೇಟ್, ನೈಟ್ರೇಟ್, ಕದಡಿನ ಪ್ರಮಾಣ, ಒಟ್ಟು ಘನವಸ್ತು. ಫಲಿತಾಂಶಗಳನ್ನು ಕಂಪ್ಯೂಟರ್ ಮೂಲಕ ಹಂಚಿಕೊಂಡರು, ಇಂಟರ್ನೆಟ್ ಮನೆಮನೆಗೆ ಬರುವುದಕ್ಕೆ ಎಷ್ಟೋ ಮುಂಚೆ! ಮೇಲಿನವರು ಬಿಟ್ಟದ್ದು ಕೆಳಗಿನವರ ಪಾಲಿಗೆ ಬರುತ್ತದೆ ಅನ್ನುವುದು ಆಗ ಬರೀ ಮಾತಾಗಿ ಉಳಿಯಲಿಲ್ಲ, ಅಂಕಿಯಲ್ಲಿ ಕಂಡಿತು. 1989ರಲ್ಲಿ 'ಗ್ರೀನ್' ಅನ್ನುವ ಹೆಸರಿನಲ್ಲಿ ಬೇರೆ ಬೇರೆ ದೇಶಗಳ ಶಾಲೆಗಳ ಜಾಲ ಹುಟ್ಟಿದ್ದು ಇದರಿಂದಲೇ.

ಅದೇ ಹೊತ್ತಿಗೆ ನಮ್ಮಲ್ಲಿ ಏನಾಗುತ್ತಿತ್ತು? ಗಂಗಾ ಮಾಲಿನ್ಯದ ವಿರುದ್ಧ ವಕೀಲ ಎಂ. ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1988ರ ಜನವರಿಯಲ್ಲಿ ಕಾನ್ಪುರದ ಕೊಳಚೆ ಬಗ್ಗೆ ತೀರ್ಪು ಬಂತು. ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ. ಒಂದರಿಂದ ಹತ್ತನೇ ತರಗತಿವರೆಗೆ ವಾರಕ್ಕೆ ಕನಿಷ್ಠ ಒಂದು ಗಂಟೆ ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯ ಪಾಠ ಇರಬೇಕು ಅಂತ ಆ ತೀರ್ಪಿನಲ್ಲಿದೆ. 1991ರಲ್ಲಿ ಕೋರ್ಟು ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಲು ಹೇಳಿತು. 2001ರ ಹೊತ್ತಿಗೆ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಬಂದವು.

ಆದರೆ ಆ ಒಂದು ಗಂಟೆ ಬಹಳ ಕಡೆ ತರಗತಿಯ ಒಳಗೇ ಮುಗಿದುಹೋಯಿತು. ಜಲಮಾಲಿನ್ಯದ ಕಾರಣಗಳೇನು, ನಾಲ್ಕು ಅಂಕದ ಪ್ರಶ್ನೆ. ಉತ್ತರ ಬಾಯಿಪಾಠ. ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿ ಮೈಸೂರು ರಸ್ತೆಯ ಪಕ್ಕದಲ್ಲೇ ಹರಿಯುವ ವೃಷಭಾವತಿ ನದಿಯನ್ನು ದಿನಾ ದಾಟಿ ಶಾಲೆಗೆ ಹೋಗುವ ಮಗುವಿಗೆ ಅದು ಬರೀ ಮೋರಿ. ಆ ನೀರು ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ ಅಂತ ಯಾರಾದರೂ ದಡದಲ್ಲಿ ನಿಲ್ಲಿಸಿ ತೋರಿಸಬೇಕು, ಅಲ್ವಾ? ಇದಕ್ಕೆ ಶಿಕ್ಷಕರನ್ನು ದೂರುವುದು ತಪ್ಪು. ಸಿಲಬಸ್ ಮುಗಿಸುವ ಒತ್ತಡ, ಮಕ್ಕಳನ್ನು ನೀರಿನ ಹತ್ತಿರ ಕರೆದೊಯ್ಯುವ ಭಯ, ಎರಡೂ ನಿಜವೇ.

ಭಯಕ್ಕೆ ದಾರಿ ಇದೆ. ಅಷ್ಟು ಹಾಳಾದ ನೀರಿಗೆ ಮಕ್ಕಳು ಕೈ ಹಾಕಬಾರದು. ದೊಡ್ಡವರು ಕೈಗವಸು ಹಾಕಿಕೊಂಡು ಹಗ್ಗ ಕಟ್ಟಿದ ಬಕೆಟ್‌ನಲ್ಲಿ ಸೇದಿ ಕೊಡಲಿ. ಎಲ್ಲ ಪರೀಕ್ಷೆಯೂ ಬೇಕಿಲ್ಲ. ಕರಗಿದ ಆಮ್ಲಜನಕ ಅಳೆಯುವ ಸಣ್ಣ ಕಿಟ್ ಇದ್ದರೆ ಆರಂಭಕ್ಕೆ ಸಾಕು. ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬಳಸಿಬಿಡುತ್ತದೆ. ಹಾಗಾಗಿ ಕೊಳಚೆ ಹೆಚ್ಚಿದಂತೆ ಈ ಅಂಕಿ ಇಳಿಯುತ್ತದೆ. ಸ್ನಾನಕ್ಕೆ ಯೋಗ್ಯ ಅನ್ನಲು ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಚರಂಡಿ ಬಂದು ಸೇರುವ ಜಾಗಕ್ಕಿಂತ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸ ಆ ಚರಂಡಿಯನ್ನೇ ಬೊಟ್ಟು ಮಾಡುತ್ತದೆ. ದಿನಾಂಕ, ಜಾಗ, ಅಂಕಿ ಬರೆದ ಹಾಳೆಯನ್ನು ಮಕ್ಕಳೇ ನಗರಸಭೆಗೆ ಕೊಟ್ಟು, ಸ್ವೀಕೃತಿ ಪತ್ರ ಕೇಳಿ ಪಡೆಯಲಿ.