ಒಂದು ಅಕ್ಷರ, ಒಂದು ಜ್ವರ: ಕುಡುಗೋಲು ಕಣ ಕಾಯಿಲೆಯನ್ನು ಮಲೇರಿಯಾದ ಜೊತೆಗಿಟ್ಟು ಓದುವ ಟಿಪ್ಪಣಿ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಕುಡುಗೋಲು ಕಣ ರಕ್ತಹೀನತೆ ಬರುವುದು ಆನುವಂಶೀಯತೆಯ ಅಧ್ಯಾಯದಲ್ಲಿ. ಮಲೇರಿಯಾ ಬರುವುದು ಬೇರೊಂದು ಅಧ್ಯಾಯದಲ್ಲಿ, ಟೈಫಾಯಿಡ್ ಮತ್ತು ನ್ಯುಮೋನಿಯಾಗಳ ಸಾಲಿನಲ್ಲಿ. ಒಂದು ವಂಶವಾಹಿಯ ದೋಷ, ಇನ್ನೊಂದು ರೋಗಾಣುವಿನ ಕೆಲಸ ಎಂದು ಬೇರೆ ಬೇರೆಯಾಗಿ ಓದಿ ಮುಗಿಸುತ್ತೇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ ಮೇಲೆಯೇ ನನಗೆ ಎರಡೂ ಅರ್ಥವಾದದ್ದು. ಆದ್ದರಿಂದ ಈ ಟಿಪ್ಪಣಿ. ಪ್ರತಿಯೊಂದು ಹಂತದಲ್ಲೂ ‘ಇದು ಅವರಿಗೆ ಹೇಗೆ ತಿಳಿಯಿತು?’ ಎಂದು ಕೇಳಿಕೊಳ್ಳುತ್ತಾ ಓದಿ. ಪ್ರಯೋಗದ ಪ್ರಶ್ನೆ ನೆನಪಿದ್ದರೆ ಉತ್ತರ ತಾನಾಗಿಯೇ ನೆನಪಿರುತ್ತದೆ.

ಮೊದಲು ಕಂಡದ್ದು ಆಕಾರ

1904ರಲ್ಲಿ ಶಿಕಾಗೋದ ಆಸ್ಪತ್ರೆಯೊಂದಕ್ಕೆ ಗ್ರೆನೇಡಾ ದ್ವೀಪದಿಂದ ಬಂದಿದ್ದ ದಂತವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಖಲಾದ. ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್ ಅವನ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ದುಂಡಗಿರಬೇಕಾದ ಕೆಂಪು ಕಣಗಳ ನಡುವೆ ಉದ್ದನೆಯ, ಕುಡುಗೋಲಿನಂತೆ ಬಾಗಿದ ಕಣಗಳು ಕಂಡವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ಪ್ರಕಟಿಸಿದರು. ಆಕಾರ ಕಂಡಿತು, ಕಾರಣ ಕಾಣಲಿಲ್ಲ.

ಕಾರಣದ ಹತ್ತಿರ ಬರಲು ಸುಮಾರು ನಲವತ್ತು ವರ್ಷ ಹಿಡಿಯಿತು. 1949ರಲ್ಲಿ ಲೈನಸ್ ಪಾಲಿಂಗ್, ಹಾರ್ವೆ ಇಟಾನೊ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್ನನ್ನೂ ಆರೋಗ್ಯವಂತರ ಹಿಮೋಗ್ಲೋಬಿನ್ನನ್ನೂ ವಿದ್ಯುತ್ ಕ್ಷೇತ್ರದಲ್ಲಿ ಹರಿಯಬಿಟ್ಟರು. ಎರಡೂ ಬೇರೆ ಬೇರೆ ವೇಗದಲ್ಲಿ ಸಾಗಿದವು. ಅಂದರೆ ಅವುಗಳ ವಿದ್ಯುದಾವೇಶವೇ ಬೇರೆ. ವಾಹಕರ, ಅಂದರೆ ದೋಷವನ್ನು ಹೊತ್ತಿದ್ದರೂ ತಾವು ರೋಗಿಗಳಲ್ಲದವರ, ರಕ್ತದಲ್ಲಿ ಎರಡು ಬಗೆಯೂ ಬೆರೆತಿದ್ದವು. ಕಾಯಿಲೆಯೊಂದರ ಮೂಲ ಒಂದೇ ಒಂದು ಅಣುವಿನಲ್ಲಿದೆ ಎಂದು ತೋರಿಸಿದ ಮೊದಲ ಸಂದರ್ಭ ಇದು. ಅವರು ಇದನ್ನು ‘ಅಣುರೋಗ’ ಎಂದು ಕರೆದರು. ಅದೇ ವರ್ಷ ಜೇಮ್ಸ್ ನೀಲ್ ತಂದೆ, ತಾಯಿ, ಮಕ್ಕಳ ರಕ್ತವನ್ನು ಪರೀಕ್ಷಿಸಿ, ವಾಹಕರಲ್ಲಿ ದೋಷದ ಒಂದು ಪ್ರತಿ, ರೋಗಿಗಳಲ್ಲಿ ಎರಡು ಪ್ರತಿಗಳಿವೆ ಎಂದು ತೋರಿಸಿದರು.

ಇನ್‌ಗ್ರಾಮ್ ಅವರ ಕಾಗದ

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಇದು.

ಆವೇಶ ಬೇರೆ ಎಂದು ಗೊತ್ತಾಯಿತು. ಆದರೆ ಹಿಮೋಗ್ಲೋಬಿನ್ ಅಣುವಿನಲ್ಲಿ 574 ಅಮೈನೋ ಆಮ್ಲಗಳಿವೆ. ವ್ಯತ್ಯಾಸ ಯಾವ ಮೂಲೆಯಲ್ಲಿದೆ? 1950ರ ದಶಕದ ಮಧ್ಯದಲ್ಲಿ ಅಷ್ಟು ದೊಡ್ಡ ಪ್ರೋಟೀನನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಬಹಳ ಕಷ್ಟದ, ದೀರ್ಘಕಾಲದ ಕೆಲಸ. ಕೇಂಬ್ರಿಜ್‌ನಲ್ಲಿದ್ದ ವರ್ನನ್ ಇನ್‌ಗ್ರಾಮ್ ಪೂರ್ತಿ ಓದುವ ಗೊಡವೆಗೇ ಹೋಗಲಿಲ್ಲ. ಟ್ರಿಪ್ಸಿನ್ ಎಂಬ ಕಿಣ್ವದಿಂದ ಪ್ರೋಟೀನನ್ನು ತುಂಡರಿಸಿದರು. ಈ ಕಿಣ್ವ ಲೈಸೀನ್ ಮತ್ತು ಆರ್ಜಿನೀನ್ ಇರುವ ಕಡೆ ಮಾತ್ರ ಕತ್ತರಿಸುವುದರಿಂದ ಪ್ರತಿ ಬಾರಿಯೂ ಅವೇ ತುಂಡುಗಳು ಸಿಗುತ್ತವೆ. ಆ ತುಂಡುಗಳ ಮಿಶ್ರಣದ ಒಂದು ಹನಿಯನ್ನು ಸೋಸುಕಾಗದದ ಮೇಲೆ ಹಾಕಿ, ಒಂದು ದಿಕ್ಕಿನಲ್ಲಿ ವಿದ್ಯುತ್ತಿನಿಂದ, ಅದಕ್ಕೆ ಅಡ್ಡಲಾಗಿ ಇನ್ನೊಂದು ದಿಕ್ಕಿನಲ್ಲಿ ದ್ರಾವಕದಿಂದ ಹರಡಿಸಿದರು. ಬಣ್ಣ ಕೊಟ್ಟಾಗ ಕಾಗದದ ತುಂಬ ಸುಮಾರು ಮೂವತ್ತು ಕಲೆಗಳು ಮೂಡಿದವು. ಬೆರಳಚ್ಚಿನ ಹಾಗೆ, ಒಂದು ಪ್ರೋಟೀನಿಗೆ ಒಂದು ವಿನ್ಯಾಸ.

ರೋಗಿಯ ಕಾಗದವನ್ನೂ ಆರೋಗ್ಯವಂತನ ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಲೆಗಳೆಲ್ಲ ಒಂದಕ್ಕೊಂದು ಹೊಂದಿದವು, ಒಂದು ಕಲೆಯನ್ನು ಬಿಟ್ಟು. ಅದಷ್ಟೇ ಜಾಗ ಬದಲಿಸಿತ್ತು. ಈ ಫಲಿತಾಂಶ ಪ್ರಕಟವಾದದ್ದು 1956ರಲ್ಲಿ. ಆಮೇಲೆ ಆ ಒಂದು ಕಲೆಯಲ್ಲಿದ್ದ ಚಿಕ್ಕ ತುಂಡನ್ನಷ್ಟೇ ಬಿಡಿಸಿ ಓದಿ, 1957ರಲ್ಲಿ ಉತ್ತರ ಕೊಟ್ಟರು: ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗದಲ್ಲಿ ವ್ಯಾಲೀನ್ ಕುಳಿತಿದೆ. ಆ ಜಾಗ ಬೀಟಾ ಸರಪಳಿಯ (ಹಿಮೋಗ್ಲೋಬಿನ್ನಿನ ಎರಡು ಬಗೆಯ ಅಮೈನೋ ಆಮ್ಲ ಸರಪಳಿಗಳಲ್ಲಿ ಒಂದು) ಆರನೆಯ ಸ್ಥಾನ ಎಂದು ಇಂದು ನಾವು ಬರೆಯುತ್ತೇವೆ. ವಂಶವಾಹಿಯಲ್ಲಿ ಆ ಅಮೈನೋ ಆಮ್ಲವನ್ನು ಸೂಚಿಸುವ ಮೂರು ಡಿಎನ್‌ಎ ಅಕ್ಷರಗಳಾದ ಜಿಎಜಿ ಎಂಬುದು ಜಿಟಿಜಿ ಆಗಿದೆ, ನಡುವಿನ ಒಂದೇ ಅಕ್ಷರ. ಆ ವಂಶವಾಹಿ ಇರುವುದು 11ನೇ ವರ್ಣತಂತುವಿನಲ್ಲಿ.

ಈಗ ಹಿಂದಕ್ಕೆ ಹೋಗಿ ಪಾಲಿಂಗ್ ಅವರ ಫಲಿತಾಂಶವನ್ನು ನೋಡಿ. ಗ್ಲುಟಾಮಿಕ್ ಆಮ್ಲಕ್ಕೆ ಋಣಾವೇಶವಿದೆ, ವ್ಯಾಲೀನ್‌ಗೆ ಆವೇಶವೇ ಇಲ್ಲ. ಒಂದು ಅಣುವಿನಲ್ಲಿ ಎರಡು ಬೀಟಾ ಸರಪಳಿಗಳು, ಹಾಗಾಗಿ ಎರಡು ಋಣಾವೇಶಗಳು ಕಡಿಮೆ. ಎರಡು ಪ್ರಯೋಗಾಲಯಗಳ ಎರಡು ಬೇರೆ ವಿಧಾನಗಳು ಒಂದೇ ಜಾಗಕ್ಕೆ ಬಂದು ಸೇರಿದವು. ಪರೀಕ್ಷೆಯಲ್ಲಿ ಈ ಎರಡನ್ನೂ ಜೋಡಿಸಿ ಬರೆಯಿರಿ.

ಒಂದು ಅಕ್ಷರ ತಪ್ಪಿದರೆ ಇಷ್ಟು ನೋವು ಏಕೆ? ವ್ಯಾಲೀನ್ ನೀರನ್ನು ದೂರ ಇಡುವ ಸ್ವಭಾವದ್ದು. ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟ ಕೂಡಲೇ ಅದರ ಮೈಮೇಲೆ ಅಂಥದ್ದೇ ಸ್ವಭಾವದ ಒಂದು ಗುಳಿ ತೆರೆದುಕೊಳ್ಳುತ್ತದೆ. ಒಂದು ಅಣುವಿನ ವ್ಯಾಲೀನ್ ಪಕ್ಕದ ಅಣುವಿನ ಗುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೀಗೆ ಸಾಲುಸಾಲಾಗಿ ಕೊಂಡಿ ಬೆಸೆದು, ಹದಿನಾಲ್ಕು ಎಳೆಗಳ ಹಗ್ಗದಂತಹ ನಾರುಗಳಾಗಿ, ಕಣವನ್ನು ಒಳಗಿನಿಂದಲೇ ಬಾಗಿಸಿಬಿಡುತ್ತವೆ. ಬಿಗಿದುಕೊಂಡ ಕಣ ಸಣ್ಣ ರಕ್ತನಾಳದಲ್ಲಿ ಸಿಕ್ಕಿ ಹರಿವನ್ನು ತಡೆಯುತ್ತದೆ. ಸಹಿಸಲಾಗದ ಮೂಳೆನೋವು ಬರುವುದು ಅಲ್ಲಿಂದ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಗಳಲ್ಲೇ ಒಡೆಯುತ್ತದೆ. ರಕ್ತಹೀನತೆ ಬರುವುದು ಇಲ್ಲಿಂದ.

ಚಿಕಿತ್ಸೆಯ ಸುಳಿವು ಸಿಕ್ಕಿದ್ದು ಎಳೆಯ ಕೂಸುಗಳಲ್ಲಿ. ಹುಟ್ಟಿದ ಮೊದಲ ಕೆಲವು ತಿಂಗಳು ಈ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಅವರ ಕಣಗಳಲ್ಲಿ ಇನ್ನೂ ಭ್ರೂಣದ ಹಿಮೋಗ್ಲೋಬಿನ್ ಇರುತ್ತದೆ, ಅದರಲ್ಲಿ ಬೀಟಾ ಸರಪಳಿಯೇ ಇಲ್ಲ ಎಂಬುದು ಇದಕ್ಕೆ ಕಾರಣ. ನವಜಾತ ಶಿಶುಗಳ ರಕ್ತದಲ್ಲಿ ಕುಡುಗೋಲು ಕಣಗಳು ಕಡಿಮೆ ಎಂಬುದನ್ನು ಜಾನೆಟ್ ವಾಟ್ಸನ್ 1948ರಲ್ಲೇ ಗಮನಿಸಿದ್ದರು. ಇಂದು ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಭ್ರೂಣದ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಅನುಮತಿ ಪಡೆದ ಕ್ರಿಸ್ಪರ್ (ವಂಶವಾಹಿಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ತಂತ್ರ) ಚಿಕಿತ್ಸೆ ಕ್ಯಾಸ್‌ಜೆವಿ ಸಹ ಆ ತಪ್ಪು ಅಕ್ಷರವನ್ನು ತಿದ್ದುವುದಿಲ್ಲ. ಭ್ರೂಣದ ಹಿಮೋಗ್ಲೋಬಿನ್ನನ್ನು ನಿಲ್ಲಿಸುವ ಬಿಸಿಎಲ್11ಎ ಎಂಬ ವಂಶವಾಹಿಯ ಸ್ವಿಚ್ಚನ್ನು ರಕ್ತಕಣಗಳ ಮೂಲಕೋಶಗಳಲ್ಲಿ ಕೆಡಿಸುತ್ತದೆ. ‘ದೋಷವನ್ನೇ ಸರಿಪಡಿಸುತ್ತದೆ’ ಎಂದು ಹಲವರು ತಪ್ಪಾಗಿ ಬರೆಯುತ್ತಾರೆ, ಎಚ್ಚರವಿರಲಿ.

ಇಷ್ಟು ಕೆಟ್ಟ ದೋಷ ಉಳಿದದ್ದು ಹೇಗೆ?

ಎರಡು ಪ್ರತಿ ಇದ್ದವರು ಹಿಂದಿನ ಕಾಲದಲ್ಲಿ ಬಹುಪಾಲು ಬಾಲ್ಯದಲ್ಲೇ ತೀರಿಕೊಳ್ಳುತ್ತಿದ್ದರು. ಹಾಗಿದ್ದರೆ ಈ ಅಕ್ಷರ ತಲೆಮಾರಿನಿಂದ ತಲೆಮಾರಿಗೆ ಕರಗಿಹೋಗಬೇಕಿತ್ತು. ಆಂಟನಿ ಆಲಿಸನ್ ಬೆಳೆದದ್ದು ಕೀನ್ಯಾದಲ್ಲಿ. 1949ರಲ್ಲಿ ಅಲ್ಲಿಗೆ ಮರಳಿ ರಕ್ತದ ಮಾದರಿಗಳನ್ನು ಸಂಗ್ರಹಿಸಿದಾಗ ಕರಾವಳಿಯಲ್ಲೂ ವಿಕ್ಟೋರಿಯಾ ಸರೋವರದ ಸುತ್ತಲೂ ವಾಹಕರು 20 ಪ್ರತಿಶತಕ್ಕೂ ಹೆಚ್ಚು, ನಡುವಿನ ಎತ್ತರದ ಪ್ರದೇಶದಲ್ಲಿ 1 ಪ್ರತಿಶತಕ್ಕಿಂತ ಕಡಿಮೆ. ಭಾಷೆ, ಬುಡಕಟ್ಟು ಯಾವುದಕ್ಕೂ ಈ ನಕ್ಷೆ ಹೊಂದಲಿಲ್ಲ. ಹೊಂದಿದ್ದು ಸೊಳ್ಳೆಯ ನಕ್ಷೆಗೆ.

ನಕ್ಷೆ ಹೊಂದಿದ ಮಾತ್ರಕ್ಕೆ ಕಾರಣ ಸಿದ್ಧವಾಗುವುದಿಲ್ಲ. ಆಲಿಸನ್‌ಗೆ ಇದು ತಿಳಿದಿತ್ತು. ಅವರು 290 ಮಕ್ಕಳ ರಕ್ತ ನೋಡಿದರು. ವಾಹಕರಾದ 43 ಮಕ್ಕಳಲ್ಲಿ 12 ಮಂದಿಯ ರಕ್ತದಲ್ಲಿ ಮಲೇರಿಯಾ ಪರಾವಲಂಬಿ ಇತ್ತು, ಅಂದರೆ ಸುಮಾರು 28 ಪ್ರತಿಶತ. ಉಳಿದ 247 ಮಕ್ಕಳಲ್ಲಿ 113 ಮಂದಿಯಲ್ಲಿತ್ತು, ಸುಮಾರು 46 ಪ್ರತಿಶತ. ಆಮೇಲೆ 30 ವಯಸ್ಕ ಸ್ವಯಂಸೇವಕರಿಗೆ ಸೋಂಕು ಕೊಟ್ಟು ನೋಡಿದರು. ವಾಹಕರಲ್ಲದ 15 ಮಂದಿಯಲ್ಲಿ 14 ಮಂದಿಗೆ ಸೋಂಕು ಹಿಡಿಯಿತು, ವಾಹಕರಾದ 15ರಲ್ಲಿ ಇಬ್ಬರಿಗೆ. 1954ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದುವಾಗ ನನಗೆ ಮನಸ್ಸು ಭಾರವಾಗುತ್ತದೆ. ಮಾರಕವಾಗಬಲ್ಲ ಪರಾವಲಂಬಿಯನ್ನು ಜನರ ಮೈಗೆ ಸೇರಿಸಿದ ಆ ಬಗೆಯನ್ನು ಇಂದಿನ ನೈತಿಕ ಸಮಿತಿಗಳು ಹಾಗೆಯೇ ಒಪ್ಪುವುದಿಲ್ಲ. ನಮ್ಮ ಜ್ಞಾನ ಆ ಮೂವತ್ತು ಜನರ ಋಣದಲ್ಲಿದೆ. ಮುಂದೆ ನಡೆದ ದೊಡ್ಡ ಅಧ್ಯಯನಗಳಲ್ಲಿ ವಾಹಕ ಮಕ್ಕಳಿಗೆ ತೀವ್ರ ಮಲೇರಿಯಾದ ಅಪಾಯ ಸುಮಾರು 90 ಪ್ರತಿಶತ ಕಡಿಮೆ ಎಂದು ಕಂಡುಬಂದಿದೆ.

ಈಗ ಒಂದು ಲೆಕ್ಕ. ಕೈಯಲ್ಲಿ ಪೆನ್ನು ಹಿಡಿದು ನೀವೂ ಮಾಡಿ ನೋಡಿ. ಒಂದು ಊರಿನಲ್ಲಿ 1000 ಮಕ್ಕಳು ಹುಟ್ಟುತ್ತಾರೆ ಎಂದುಕೊಳ್ಳಿ, ವಂಶವಾಹಿಯ 2000 ಪ್ರತಿಗಳು. ಅದರಲ್ಲಿ ಹತ್ತರಲ್ಲೊಂದು, ಅಂದರೆ 200, ಕುಡುಗೋಲಿನ ‘ಎಸ್’. ಉಳಿದ 1800 ‘ಎ’. ಆಗ ಎಎ ಮಕ್ಕಳು 810, ಎಎಸ್ ವಾಹಕರು 180, ಎಸ್‌ಎಸ್ ರೋಗಿಗಳು 10. ಆ ಹತ್ತು ಮಕ್ಕಳೂ ಉಳಿಯದಿದ್ದರೆ 20 ಎಸ್ ಪ್ರತಿಗಳು ಹೋದವು, ಉಳಿದವು 180. ಎಸ್‌ನ ಪಾಲು ಹತ್ತರಲ್ಲೊಂದಾಗಿಯೇ ನಿಲ್ಲಬೇಕಾದರೆ ‘ಎ’ಯೂ 1800ರಿಂದ 1620ಕ್ಕೆ ಇಳಿಯಬೇಕು. ಅಂದರೆ 180 ಪ್ರತಿಗಳು, 90 ಎಎ ಮಕ್ಕಳು. 810ರಲ್ಲಿ 90 ಎಂದರೆ ಒಂಬತ್ತರಲ್ಲಿ ಒಂದು ಮಗು ಮಲೇರಿಯಾಕ್ಕೆ ಬಲಿಯಾಗಬೇಕು. ವಾಹಕರೆಲ್ಲ ಬದುಕುತ್ತಾರೆ ಎಂದು ಇಟ್ಟುಕೊಂಡ ಸರಳ ಲೆಕ್ಕ ಇದು. ಹಾನಿಕರ ವಂಶವಾಹಿಯೊಂದು ವಾಹಕರಿಗೆ ಕೊಡುವ ಲಾಭದಿಂದ ಹೀಗೆ ಉಳಿದುಕೊಳ್ಳುವುದನ್ನು ‘ಸಮತೋಲಿತ ಆಯ್ಕೆ’ ಎನ್ನುತ್ತಾರೆ. ಲೆಕ್ಕ ಸರಳವಾದರೂ ಆ ಎರಡು ಪದಗಳ ಹಿಂದೆ ಎಷ್ಟು ಮನೆಗಳ ದುಃಖ ಇದೆ ಎಂಬುದು ಈ ಲೆಕ್ಕ ಮಾಡಿದಾಗ ತಿಳಿಯುತ್ತದೆ.

ಇಲ್ಲಿ ತಪ್ಪಬಾರದ ಎರಡು ಮಾತುಗಳಿವೆ. ಮಲೇರಿಯಾವನ್ನು ತಡೆಯಲೆಂದು ಈ ಉತ್ಪರಿವರ್ತನೆ ಹುಟ್ಟಲಿಲ್ಲ. ಅದು ಆಕಸ್ಮಿಕವಾಗಿ ಹುಟ್ಟಿತು, ಮಲೇರಿಯಾ ಇದ್ದ ಕಡೆ ಉಳಿಯಿತು. ಮತ್ತೆ, ರಕ್ಷಣೆ ಇರುವುದು ವಾಹಕರಿಗೆ. ಎರಡು ಪ್ರತಿ ಇರುವ ರೋಗಿಗೆ ಮಲೇರಿಯಾ ಬಂದರೆ ಅದು ಬಹಳ ಅಪಾಯಕಾರಿ.

ಪರಾವಲಂಬಿಯ ಕಡೆಯಿಂದ

ಮಾರಕ ಮಲೇರಿಯಾದ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಂ ಕೆಂಪು ಕಣದೊಳಗೆ ಹೊಕ್ಕು ಹಿಮೋಗ್ಲೋಬಿನ್ನನ್ನೇ ತಿಂದು ಬೆಳೆಯುತ್ತದೆ. ಬೆಳೆದಂತೆ ಕಣದ ಹೊರಮೈಯಲ್ಲಿ ಗುಬಟುಗಳನ್ನು ಎಬ್ಬಿಸಿ, ಅವುಗಳ ಮೇಲೆ ಒಂದು ಅಂಟು ಪ್ರೋಟೀನನ್ನು ಇಡುತ್ತದೆ. ಆ ಅಂಟಿನಿಂದ ಕಣ ರಕ್ತನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ, ಗುಲ್ಮದ ಸೋಸುವಿಕೆಯಿಂದ ತಪ್ಪಿಸಿಕೊಳ್ಳುತ್ತದೆ. ಮಿದುಳಿನ ನಾಳಗಳಲ್ಲಿ ಹೀಗೆ ಕಚ್ಚಿಕೊಂಡರೆ ಅದೇ ಮಿದುಳಿನ ಮಲೇರಿಯಾ. ವಾಹಕರ ಕಣದಲ್ಲಿ ಈ ಹಂಚಿಕೆ ಹಲವು ಕಡೆ ಕೆಡುತ್ತದೆ. ಗುಬಟುಗಳು ವಿಕಾರವಾಗಿ ಮೂಡುತ್ತವೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆಮ್ಲಜನಕ ಕಡಿಮೆ ಇರುವ ನಾಳಗಳಲ್ಲಿ ಎಸ್ ಹಿಮೋಗ್ಲೋಬಿನ್ ನಾರುಗಟ್ಟಿ ಪರಾವಲಂಬಿಯ ಬೆಳವಣಿಗೆ ನಿಲ್ಲುತ್ತದೆ. ಸೋಂಕು ತಗುಲಿದ ಕಣ ಬೇಗ ಬಾಗುವುದರಿಂದ ಗುಲ್ಮ ಅದನ್ನು ಗುರುತಿಸಿ ತೆಗೆದುಹಾಕುತ್ತದೆ. ಇವುಗಳಲ್ಲಿ ಒಂದನ್ನೇ ಕಾರಣವೆಂದು ಬರೆದರೆ ಉತ್ತರ ಅರ್ಧವಾಗುತ್ತದೆ.

ಅದೇ ಆರನೆಯ ಸ್ಥಾನದಲ್ಲಿ ವ್ಯಾಲೀನ್ ಬದಲು ಲೈಸೀನ್ ಬಂದರೆ ಪಶ್ಚಿಮ ಆಫ್ರಿಕಾದ ಹಿಮೋಗ್ಲೋಬಿನ್ ಸಿ. 26ನೇ ಸ್ಥಾನದಲ್ಲಿ ಲೈಸೀನ್ ಬಂದರೆ ನಮ್ಮ ಈಶಾನ್ಯ ರಾಜ್ಯಗಳಲ್ಲೂ ಆಗ್ನೇಯ ಏಷ್ಯಾದಲ್ಲೂ ಸಾಮಾನ್ಯವಾದ ಹಿಮೋಗ್ಲೋಬಿನ್ ಇ. ಹಿಮೋಗ್ಲೋಬಿನ್ನಿನ ಸರಪಳಿಗಳು ಸಾಕಷ್ಟು ತಯಾರಾಗದ ಥಲಸ್ಸೀಮಿಯಾವೂ ಇದೇ ಬಳಗದ್ದು. ಮಲೇರಿಯಾ ಬಹುಕಾಲ ಬೀಡುಬಿಟ್ಟ ಊರುಗಳ ಗುರುತು ಜನರ ರಕ್ತದಲ್ಲಿ ಬೇರೆ ಬೇರೆ ಬರಹದಲ್ಲಿ ಉಳಿದಿದೆ.

ಭಾರತದಲ್ಲಿ ಕುಡುಗೋಲು ಹಿಮೋಗ್ಲೋಬಿನ್ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಗೆ ತಾಗಿದ ನೀಲಗಿರಿಯ ಆದಿವಾಸಿಗಳಲ್ಲಿ. ಚಾಮರಾಜನಗರ, ಮೈಸೂರು ಸೀಮೆಯ ಕಾಡಂಚಿನಲ್ಲಿ ಬಾಳುವ ಸೋಲಿಗರಲ್ಲೂ ಜೇನುಕುರುಬರಲ್ಲೂ ಇದು ಇದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ತಪಾಸಣೆಯಲ್ಲಿ ‘ವಾಹಕ’ ಎಂದು ಬಂದವರು ರೋಗಿಗಳಲ್ಲ ಎಂಬ ಮಾತನ್ನು ಜೀವಶಾಸ್ತ್ರ ಓದಿದ ನಾವು ಆ ಮನೆಗಳಿಗೆ ಸ್ಪಷ್ಟವಾಗಿ ತಿಳಿಸಬೇಕು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ಮಗು ರೋಗಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿದ್ದರೆ ಮುಂದಿನ ಮೂವರಿಗೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು.

ಕೊನೆಯದಾಗಿ, ತೀರ ಹೊಸ ಸಂಗತಿ. ಸಾವಿರಾರು ವರ್ಷ ವಾಹಕರ ರಕ್ತವನ್ನು ಎದುರಿಸಿದ ಪರಾವಲಂಬಿ ಸುಮ್ಮನಿದ್ದೀತೇ? ಗ್ಯಾಂಬಿಯಾ ಮತ್ತು ಕೀನ್ಯಾದಲ್ಲಿ ತೀವ್ರ ಮಲೇರಿಯಾದಿಂದ ಆಸ್ಪತ್ರೆ ಸೇರಿದ ಮಕ್ಕಳ ಒಂದೇ ರಕ್ತದ ಮಾದರಿಯಿಂದ ಮಗುವಿನ ಜೀನೋಮನ್ನೂ ಪರಾವಲಂಬಿಯ ಜೀನೋಮನ್ನೂ ಓದಿದ ಸಂಶೋಧಕರಿಗೆ ಪರಾವಲಂಬಿಯಲ್ಲಿ ಮೂರು ಜಾಗಗಳು ಎದ್ದು ಕಂಡವು. ಎಸ್ ಪ್ರತಿ ಇರುವ ಮಕ್ಕಳನ್ನು ತೀವ್ರವಾಗಿ ಕಾಡಿದ ಪರಾವಲಂಬಿಗಳಲ್ಲಿ ಆ ಮೂರು ಜಾಗಗಳ ಬದಲಾದ ರೂಪಗಳೇ ಹೆಚ್ಚಾಗಿದ್ದವು. ಅಂಥ ಪರಾವಲಂಬಿಯ ಎದುರು ವಾಹಕರ ರಕ್ಷಣೆ ಬಹುಮಟ್ಟಿಗೆ ಕುಗ್ಗುತ್ತದೆ. 2022ರಲ್ಲಿ ‘ನೇಚರ್’ ಪತ್ರಿಕೆಯ ಸಂಚಿಕೆಯಲ್ಲಿ ಬಂದ ಈ ಫಲಿತಾಂಶ ಮಗುವಿನ ಜೀನೋಮನ್ನು ಮಾತ್ರ ಓದಿದ್ದರೆ ಸಿಗುತ್ತಿರಲಿಲ್ಲ, ಪರಾವಲಂಬಿಯದನ್ನು ಮಾತ್ರ ಓದಿದ್ದರೂ ಸಿಗುತ್ತಿರಲಿಲ್ಲ.