ಉದ್ಯೋಗ ಮೇಳ: ಈ ಪದದ ಒಳಗೆ ಏನಿದೆ?

ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರದ ಕಡೆ ಬರೀ 'ಮೇಳ' ಅಂದರೆ ಯಕ್ಷಗಾನದ ಮೇಳ. 'ಇವತ್ತು ಯಾವ ಮೇಳದ ಆಟ?' ಎಂದು ಕೇಳಿದರೆ ಯಾರಿಗೂ ಗೊಂದಲ ಆಗುವುದಿಲ್ಲ. ಭಾಗವತರು, ಮದ್ದಳೆಯವರು, ಚಂಡೆಯವರು ಕೂಡಿದರೆ ಹಿಮ್ಮೇಳ. ವೇಷಧಾರಿಗಳು ಮುಮ್ಮೇಳ. ಕೂಡುವುದು ಎಂಬುದೇ ಈ ಪದದ ಮೂಲ. ಈಗ ಅದೇ ಪದ ಕಾರವಾರ, ಶಿರಸಿಯ ಕಾಲೇಜು ಗೇಟುಗಳ ಮೇಲೆ ಬ್ಯಾನರಾಗಿ ಕಾಣುತ್ತದೆ: ಉದ್ಯೋಗ ಮೇಳ.

ಇದಕ್ಕೆ ಉದ್ಯೋಗ ಜಾತ್ರೆ ಅಂತಲೂ ಹೆಸರಿಡಬಹುದಿತ್ತು, ಅಲ್ವಾ? ಆದರೆ ಎರಡೂ ಒಂದೇ ಅಲ್ಲ. ಜಾತ್ರೆ ಬಂದದ್ದು 'ಯಾತ್ರೆ'ಯಿಂದ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಗೆ ಸುಮ್ನೆ ಹೋಗಬಹುದು. ದೇವಿಗೆ ಕೈಮುಗಿದು, ಬಳೆ ಕೊಂಡು, ಸುತ್ತಾಡಿ ಬರಬಹುದು. ಮೇಳದಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರ ಇರುತ್ತದೆ. ಉದ್ಯೋಗ ಮೇಳಕ್ಕೆ ಜಾತ್ರೆಗೆ ಹೋದ ಹಾಗೆ ಹೋಗುವ ಮಕ್ಕಳನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಜೋಯಿಡಾದ ಒಳಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು, ಘಟ್ಟ ಇಳಿದು, ಮಧ್ಯಾಹ್ನದವರೆಗೆ ಸಾಲಲ್ಲಿ ನಿಂತು, ಕೈತುಂಬ ಜಾಹೀರಾತು ಚೀಟಿ ಹಿಡಿದು ಮನೆಗೆ ಮರಳುತ್ತಾರೆ.

ಇನ್ನು 'ಉದ್ಯೋಗ'. ಇವತ್ತು ಅದಕ್ಕೆ ಕೆಲಸ, ನೌಕರಿ ಎಂದಷ್ಟೇ ಅರ್ಥ ಮಾಡುತ್ತೇವೆ. ಹಳೆಯ ಅರ್ಥ ಬೇರೆ: ಪ್ರಯತ್ನ, ತೊಡಗುವುದು, ಸಜ್ಜಾಗುವುದು. ಮಹಾಭಾರತದ 18 ಪರ್ವಗಳಲ್ಲಿ ಐದನೆಯದು ಉದ್ಯೋಗ ಪರ್ವ. ಅಲ್ಲಿ ನೌಕರಿಯ ಮಾತೇ ಇಲ್ಲ. ಯುದ್ಧಕ್ಕೆ ಮುಂಚಿನ ತಯಾರಿಯ ಕತೆ ಅದು. ಸೈನ್ಯ ಕೂಡಿಸುವುದು, ಸಂಧಾನಕ್ಕೆ ಹೋಗುವುದು, ಯಾರು ಯಾರ ಕಡೆ ಎಂದು ತೀರ್ಮಾನ ಆಗುವುದು ಎಲ್ಲ ಅಲ್ಲೇ. ನಮ್ಮ ಆಟಗಳಲ್ಲಿ, ವೇಷವಿಲ್ಲದೆ ಕೂತು ಮಾತಿನಲ್ಲೇ ಕತೆ ನಡೆಸುವ ತಾಳಮದ್ದಳೆಗಳಲ್ಲಿ ಮತ್ತೆ ಮತ್ತೆ ಬರುವ ಕೃಷ್ಣ ಸಂಧಾನ ಈ ಪರ್ವದ್ದೇ. ಅದೇ ಪರ್ವದ ಶುರುವಿನಲ್ಲಿ ದುರ್ಯೋಧನ, ಅರ್ಜುನ ಇಬ್ಬರೂ ದ್ವಾರಕೆಗೆ ಹೋಗುತ್ತಾರೆ. ಮೊದಲು ತಲುಪಿದವನು ದುರ್ಯೋಧನ. ಆದರೆ ಏನು ಕೇಳಬೇಕೆಂದು ಗಟ್ಟಿಯಾಗಿ ಗೊತ್ತಿದ್ದವನು ಅರ್ಜುನ. ಉದ್ಯೋಗ ಮೇಳ ಎಂಬ ಪದವನ್ನು ನಾನು ಓದುವುದು ಹೀಗೆ: ತಯಾರಾಗಿ ಬಂದವರು ಕೂಡುವ ಜಾಗ.

ಹಾಗಾದರೆ ಅಲ್ಲಿ ನಡೆಯುವುದೇನು? ಒಂದೇ ದಿನ, ಒಂದೇ ಆವರಣದಲ್ಲಿ ಹಲವು ಕಂಪನಿಗಳು ಮೇಜು ಹಾಕಿ ಕೂರುತ್ತವೆ. ನಡೆಸುವವರು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯವರು, ಕೌಶಲ್ಯಾಭಿವೃದ್ಧಿ ಇಲಾಖೆಯವರು ಅಥವಾ ಕಾಲೇಜಿನವರು. ಮೊದಲೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸುವ ಪದ್ಧತಿ ಈಗ ಜಾಸ್ತಿ. ಕೇಂದ್ರ ಸರಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ರಾಜ್ಯದ್ದು ಸ್ಕಿಲ್ ಕನೆಕ್ಟ್. ಎರಡರಲ್ಲೂ ಕೆಲಸ ಹುಡುಕುವವರಿಗೆ ನೋಂದಣಿ ಉಚಿತ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2022ರ ಅಕ್ಟೋಬರ್ 22ರಂದು ಪ್ರಧಾನಿಯವರು ಶುರುಮಾಡಿದ 'ರೋಜ್‌ಗಾರ್ ಮೇಳ' ಬೇರೆ. ಅದು ಪರೀಕ್ಷೆ ಮುಗಿದು ಆಗಲೇ ಆಯ್ಕೆಯಾದವರಿಗೆ ಕೇಂದ್ರ ಸರಕಾರದ ನೇಮಕಾತಿ ಪತ್ರ ಹಂಚುವ ಕಾರ್ಯಕ್ರಮ. ನಮ್ಮ ಊರಿನ ಉದ್ಯೋಗ ಮೇಳದಲ್ಲಿ ಸಿಗುವುದು ಬಹುತೇಕ ಖಾಸಗಿ ಕೆಲಸ. ಕೈಗಾ ಅಣುಸ್ಥಾವರದ ಅಥವಾ ಕಾರವಾರದ ನೌಕಾನೆಲೆಯ ಕಾಯಂ ಹುದ್ದೆ ಈ ಮೇಜುಗಳ ಮೇಲೆ ಇರುವುದಿಲ್ಲ. ಅವಕ್ಕೆ ಅರ್ಜಿ, ಪರೀಕ್ಷೆಯ ದಾರಿಯೇ ಬೇರೆ. ಐಟಿಐ ಮುಗಿಸಿದವರು ಅಪ್ರೆಂಟಿಸ್‌ಶಿಪ್, ಅಂದರೆ ಕೆಲಸದ ಜಾಗದಲ್ಲೇ ಕಲಿಯುವ ತರಬೇತಿ, ಅದರ ಬಗ್ಗೆ ಕೇಳದೆ ಮಾತ್ರ ಬರಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ತರಬೇತಿಯ ಅವಧಿಗೆ ಸ್ಟೈಪೆಂಡ್ ಕೊಡಲೇಬೇಕು.

ತಯಾರಿಗೆ ನಮ್ಮ ಭಾಷೆಯಲ್ಲಿ ಒಂದು ಚಂದದ ಪದ ಇದೆ: ಚೌಕಿ. ವೇಷ ಕಟ್ಟುವ ಜಾಗ. ರಂಗದ ಮೇಲೆ ಬರುವ ಎಷ್ಟೋ ಮುಂಚೆ ಕಲಾವಿದ ಚೌಕಿಯಲ್ಲಿ ಕನ್ನಡಿ ಎದುರು ಕೂತಿರುತ್ತಾನೆ. ಮೇಳದ ಹಿಂದಿನ ಒಂದು ವಾರ ನಿಮ್ಮ ಚೌಕಿ. ಯಾವ ಕಂಪನಿ ಬರುತ್ತದೆ ಎಂಬ ಪಟ್ಟಿ ಸಿಕ್ಕರೆ ಐದನ್ನು ಆರಿಸಿಕೊಳ್ಳಿ. ಅವು ಏನು ಮಾಡುತ್ತವೆ, ಎಲ್ಲಿವೆ ಎಂದು ಮೊಬೈಲಿನಲ್ಲೇ ನೋಡಬಹುದು. ಬಯೋಡೇಟಾದ ಹತ್ತು ಪ್ರತಿ, ಅಂಕಪಟ್ಟಿಯ ಜೆರಾಕ್ಸ್, ಫೋಟೊ, ಆಧಾರ್ ಪ್ರತಿ ಒಂದೇ ಫೈಲಿನಲ್ಲಿ ಇರಲಿ. ಮಳೆಗಾಲವಾದರೆ ಪ್ಲಾಸ್ಟಿಕ್ ಫೈಲು. ಮೂಲ ಅಂಕಪಟ್ಟಿಯನ್ನು ತೋರಿಸಿ ವಾಪಸ್ ತನ್ನಿ, ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಬಯೋಡೇಟಾದಲ್ಲಿ ನಮ್ಮ ಮಕ್ಕಳು ಬಿಡುವುದು ಏನು ಗೊತ್ತಾ? ಭಾಷೆ. ಕಾರವಾರ, ಅಂಕೋಲೆಯ ಎಷ್ಟೋ ಮನೆಗಳಲ್ಲಿ ಕೊಂಕಣಿ ಮಾತು. ಶಾಲೆಯಲ್ಲಿ ಕನ್ನಡ, ಟಿವಿಯಿಂದ ಹಿಂದಿ, ನೆಂಟರಿಂದ ಮರಾಠಿ. ಗಡಿ ದಾಟಿದರೆ ಗೋವಾ. ಅಲ್ಲಿನ ಹೋಟೆಲಿಗೆ, ಆಸ್ಪತ್ರೆಗೆ ಈ ನಾಲ್ಕು ಭಾಷೆ ದೊಡ್ಡ ಆಸ್ತಿ. ಆದರೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂಬ ಅಂಜಿಕೆಯಲ್ಲಿ ಬರುವ ನಾಲ್ಕನ್ನೂ ಬರೆಯುವುದಿಲ್ಲ! ಅನುಭವವೂ ಹಾಗೆಯೇ. ಸ್ವಸಹಾಯ ಸಂಘದ ಲೆಕ್ಕ ಬರೆದದ್ದು, ಹಾಲಿನ ಡೇರಿಯಲ್ಲಿ ಅಳತೆಗೆ ನಿಂತದ್ದು, ಅಡಿಕೆ ಮಂಡಿಗೆ ಅಪ್ಪನ ಜೊತೆ ಹೋಗಿ ಪಟ್ಟಿ ನೋಡಿದ್ದು ಅನುಭವವೇ. ಬರೆಯಿರಿ.

ಸಂದರ್ಶನಕ್ಕೆ ತಾಳಮದ್ದಳೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಭಾಗವತರು ಹಾಡುವ ಪದ್ಯ ಒಂದೇ. ಅದಕ್ಕೆ ಅರ್ಥ ಹೇಳುವುದು ಒಬ್ಬೊಬ್ಬರದು ಒಂದೊಂದು ರೀತಿ. 'ನಿಮ್ಮ ಬಗ್ಗೆ ಹೇಳಿ' ಎಂಬುದು ಎಲ್ಲ ಮೇಜುಗಳಲ್ಲೂ ಬರುವ ಪದ್ಯ. ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯ ಒಪ್ಪಿಸಿದರೆ ಎದುರಿನವರು ತಲೆ ಎತ್ತುವುದಿಲ್ಲ. ಹೆಸರು, ಊರು, ಓದು, ಮಾಡಿದ ಒಂದು ಕೆಲಸ, ಈ ಕೆಲಸ ಯಾಕೆ ಬೇಕು ಎಂಬುದು. ಎರಡು ನಿಮಿಷ ಸಾಕು. ಒಂದು ವಾರ ಮನೆಯಲ್ಲಿ ಜೋರಾಗಿ ಹೇಳಿ ನೋಡಿ.

ಮೇಜಿನ ಮೇಲೆ ಕೇಳಿಬರುವ ಪದಗಳಲ್ಲಿ ನಮ್ಮವರು ಜಾಸ್ತಿ ಮೋಸಹೋಗುವುದು 'ಸಿಟಿಸಿ' ಎಂಬಲ್ಲಿ. ಅಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು. ಅದು ಸಂಬಳ ಅಲ್ಲ. ಉದಾಹರಣೆಗೆ ತಿಂಗಳ ಸಿಟಿಸಿ 18,000 ರೂಪಾಯಿ, ಅದರಲ್ಲಿ ಮೂಲ ವೇತನ 12,000 ಎಂದುಕೊಳ್ಳಿ. ಪಿಎಫ್‌ಗೆ ಕಂಪನಿ ಕಟ್ಟುವ ಶೇ. 12, ಅಂದರೆ 1,440 ರೂಪಾಯಿ, ಆ 18,000ದ ಒಳಗೇ ಇರುತ್ತದೆ. ಇಎಸ್‌ಐಗೆ ಕಂಪನಿಯ ಪಾಲು ಶೇ. 3.25, ಅದೂ ಒಳಗೇ. ಆಮೇಲೆ ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,440, ಇಎಸ್‌ಐ ಶೇ. 0.75. ಎಲ್ಲ ಕಳೆದರೆ ಕೈಗೆ ಬರುವುದು ಸುಮಾರು 14,500. ಪಿಎಫ್ ನಿಮ್ಮದೇ ಉಳಿತಾಯ, ಇಎಸ್‌ಐ ಆಸ್ಪತ್ರೆಯ ಖರ್ಚಿಗೆ ಆಗುತ್ತದೆ, ಅದು ನಿಜ. ಆದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಬಾಡಿಗೆ ಕಟ್ಟುವುದು ಕೈಗೆ ಬಂದ ದುಡ್ಡಿನಿಂದ. 'ಕೈಗೆ ಎಷ್ಟು ಬರುತ್ತದೆ? ಊಟ, ವಸತಿ ಯಾರದು?' ಎಂದು ಕೇಳಲು ನಾಚಿಕೆ ಬೇಡ. 'ಫೀಲ್ಡ್ ವರ್ಕ್' ಎಂದರೆ ಮಾರಾಟವೋ, ಸಾಲ ವಸೂಲಿಯೋ, ಗಾಡಿ ನಿಮ್ಮದೇ ಬೇಕೋ ಎಂದು ಕೇಳಿ. 'ಟಾರ್ಗೆಟ್' ಎಂದರೆ ಎಷ್ಟು, ಮುಟ್ಟದಿದ್ದರೆ ಏನು ಎಂದೂ ಕೇಳಿ.

ನನ್ನ ಅಕ್ಕನ ಮಗಳ ಜೊತೆ ಒಮ್ಮೆ ಶಿರಸಿಯಲ್ಲಿ ಮೇಳಕ್ಕೆ ಹೋಗಿದ್ದೆ. ಒಂದು ಮೇಜಿನವರು ಅವಳನ್ನು ಹೊಗಳಿದರು, ಅಲ್ಲೇ ಆಯ್ಕೆ ಅಂದರು. ಸಂಜೆ ಫೋನು ಬಂತು: ಸಮವಸ್ತ್ರ, ತರಬೇತಿಗೆ 2,500 ರೂಪಾಯಿ ಕಳಿಸಿ. ಅವಳ ಕಣ್ಣು ತುಂಬಿತು. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು. ಅಷ್ಟು ಹೇಳಿ ಫೋನ್ ಇಟ್ಟೆವು. ಮಾರನೇ ದಿನ ಸಂಘಟಕರಿಗೂ ತಿಳಿಸಿದೆವು. ನೀವೂ ತಿಳಿಸಿ, ಮುಂದಿನ ಸಾಲಿನಲ್ಲಿ ಇನ್ಯಾರದೋ ಮಗಳು ಇರುತ್ತಾಳೆ.

ಕೊನೆಯ ಪದ 'ಶಾರ್ಟ್‌ಲಿಸ್ಟ್'. ಕೆಲಸ ಸಿಕ್ಕಿತು ಎಂದಲ್ಲ, ಮುಂದಿನ ಸುತ್ತಿಗೆ ಕರೆಯಬಹುದು ಎಂದಷ್ಟೇ ಅದರ ಅರ್ಥ. ಕೈಗೆ ಆಫರ್ ಲೆಟರ್ ಬಂದು, ಅದರಲ್ಲಿ ಸಂಬಳ, ಊರು, ಸೇರುವ ದಿನ ಬರೆದಿದ್ದರೆ ಮಾತ್ರ ಅದು ಕೆಲಸ. ಅಕ್ಕನ ಮಗಳು ಆ ದಿನ ಪ್ರತಿ ಮೇಜಿನಿಂದ ಎದ್ದ ಕೂಡಲೇ ಕಂಪನಿಯ ಹೆಸರು, ಮಾತಾಡಿಸಿದವರ ಹೆಸರು, ನಂಬರು ಎಲ್ಲವನ್ನೂ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ನಾಲ್ಕನೇ ದಿನ ಅಂಗಳದಲ್ಲಿ ಅಡಿಕೆ ಹರವುತ್ತಾ, ಆ ಪುಸ್ತಕ ತೆರೆದು ಮೂರು ಕಡೆ ತಾನೇ ಫೋನ್ ಮಾಡಿದಳು. ಎರಡು ಕಡೆ ಯಾರೂ ಎತ್ತಲಿಲ್ಲ. ಮೂರನೆಯವರು, 'ನೀವೇ ಕೇಳಿದ್ದು ಒಳ್ಳೆಯದಾಯಿತು, ಸೋಮವಾರ ಹುಬ್ಬಳ್ಳಿಗೆ ಬನ್ನಿ' ಅಂದರು.