ಮೊದಲು ಬೆಂಕಿ, ಆಮೇಲೆ ಹರಳು

ಹರಳು, ಮೀನಾ (ಎನಾಮೆಲ್ ಎಂಬ ಬಣ್ಣದ ಕೆಲಸ) ಎರಡೂ ಇರುವ ಒಡವೆಯನ್ನು ಕೈಗೆತ್ತಿಕೊಂಡವರು ಮೊದಲು ಕೇಳುವುದು ಹರಳಿನ ಬಗ್ಗೆ. ಯಾವ ಕಲ್ಲು, ಅಸಲಿಯಾ, ಎಷ್ಟು ಕ್ಯಾರೆಟ್ ಅಂತ. ಅದನ್ನು ಮಾಡುವ ನನಗೆ ಮೊದಲು ಏಳುವ ಪ್ರಶ್ನೆ ಬೇರೆ: ಯಾವುದು ಎಷ್ಟು ಕಾವು ತಡೆಯುತ್ತದೆ? ಮೀನಾಕ್ಕೆ ಬೆಂಕಿ ಬೇಕೇ ಬೇಕು. ಹೆಚ್ಚಿನ ಹರಳುಗಳಿಗೆ ಅದೇ ಬೆಂಕಿ ಆಗಿಬರುವುದಿಲ್ಲ. ಈ ಎರಡನ್ನೂ ಒಂದೇ ಒಡವೆಯಲ್ಲಿ ಕೂಡಿಸುವುದೇ ಈ ಕಸುಬಿನ ಕಷ್ಟ. ನಾನು ಇದಕ್ಕೆ ಅಂಟಿಕೊಂಡಿರುವುದೂ ಅದಕ್ಕಾಗಿಯೇ.

ಮೀನಾ ಅಂದರೆ ಒಂದು ಬಗೆಯ ಪೇಂಟ್ ಅಂದುಕೊಂಡವರು ತುಂಬಾ ಜನ. ಅದು ಗಾಜು. ಗಾಜಿಗೆ ಲೋಹದ ಆಕ್ಸೈಡ್ ಬೆರೆತಾಗ ಬಣ್ಣ ಹುಟ್ಟುತ್ತದೆ. ಕೋಬಾಲ್ಟ್‌ನಿಂದ ಕಡುನೀಲಿ, ತಾಮ್ರದಿಂದ ಹಸಿರು, ಚಿನ್ನದಿಂದ ಗುಲಾಬಿ ಮತ್ತು ಮಾಣಿಕ್ಯದಂಥ ಕೆಂಪು. ಆ ಗಾಜನ್ನು ಪುಡಿ ಮಾಡಿ, ಲೋಹದ ಮೇಲೆ ಹರಡಿ, ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ ಲೋಹಕ್ಕೆ ಬೆಸೆಯುತ್ತೇವೆ. ಸಣ್ಣ ತುಣುಕಾದರೆ ಒಂದೆರಡು ನಿಮಿಷ ಸಾಕು.

ಆದರೆ ಆ ಒಂದೆರಡು ನಿಮಿಷಕ್ಕೆ ಮುಂಚಿನ ಕೆಲಸವೇ ದೊಡ್ಡದು. ಪುಡಿಯನ್ನು ನೀರಿನಲ್ಲಿ ತೊಳೆಯಬೇಕು. ನೀರು ಹಾಕುವುದು, ಕಲಕುವುದು, ಕಾಳು ತಳಕ್ಕೆ ಕೂತ ಮೇಲೆ ಮೇಲಿನ ಬೆಳ್ಳನೆಯ ನೀರು ಚೆಲ್ಲುವುದು. ನೀರು ತಿಳಿಯಾಗುವ ತನಕ ಹೀಗೇ. ತೀರಾ ನುಣ್ಣನೆಯ ದೂಳು ಉಳಿದರೆ ಪಾರದರ್ಶಕ ಬಣ್ಣ ಮಬ್ಬಾಗುತ್ತದೆ. ಕೆಲಸ ಬೇಗ ಮುಗಿಸಬೇಕು ಅನ್ನುವವರು ಮೊದಲು ಬಿಡುವುದು ಈ ತೊಳೆಯುವುದನ್ನೇ. ಮುಗಿದ ಒಡವೆಯನ್ನು ಬೆಳಕಿಗೆ ಹಿಡಿದರೆ ಅದು ಗೊತ್ತಾಗಿಬಿಡುತ್ತದೆ.

ತೊಳೆದ ಪುಡಿಯನ್ನು ಒದ್ದೆಯಾಗಿರುವಾಗಲೇ ಸಣ್ಣ ಕುಂಚದಲ್ಲಿ ತೆಳುವಾಗಿ ಹರಡಿ, ಪೂರ್ತಿ ಒಣಗಿಸುತ್ತೇವೆ. ಹಸಿ ಉಳಿದರೆ ಕುಲುಮೆಯಲ್ಲಿ ನೀರು ಆವಿಯಾಗಿ ಪುಡಿಯನ್ನು ಎಬ್ಬಿಸಿಬಿಡುತ್ತದೆ. ಒಳಗೆ ಹೋದ ಪುಡಿ ಮೊದಲು ಸಕ್ಕರೆಯ ಹಾಗೆ ಕಾಳು ಕಾಳಾಗಿ ಕೂಡಿಕೊಳ್ಳುತ್ತದೆ. ಆಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗುತ್ತದೆ. ಕೊನೆಗೆ ನೀರಿನಂತೆ ಸಮವಾಗಿ ಹೊಳೆಯುತ್ತದೆ. ಆ ಹೊಳಪು ಕಂಡಾಗ ತೆಗೆಯಬೇಕು. ಬಿಸಿಯಾಗಿರುವಾಗ ಕಾಣುವ ಬಣ್ಣವನ್ನು ನಂಬುವ ಹಾಗಿಲ್ಲ. ಎಷ್ಟೋ ಕೆಂಪುಗಳು ಆಗ ಕಪ್ಪಾಗಿ ಕಾಣುತ್ತವೆ, ಆರಿದ ಮೇಲೆ ತಮ್ಮ ಬಣ್ಣಕ್ಕೆ ಮರಳುತ್ತವೆ. ಪುಡಿ ಕರಗಿದಾಗ ಕುಗ್ಗುವುದರಿಂದ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮತ್ತೆ ತುಂಬಿ, ಮತ್ತೆ ಸುಡಬೇಕು. ತೆಳು ಹಾಳೆಯ ಮೇಲೆ ಮಾಡುವಾಗ ಹಿಂಬದಿಗೂ ಒಂದು ಪದರ ಮೀನಾ ಕೊಡುತ್ತೇವೆ. ಆರುವಾಗ ಲೋಹ ಮತ್ತು ಗಾಜು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಒಂದೇ ಬದಿಗೆ ಗಾಜಿದ್ದರೆ ಹಾಳೆ ಬಾಗುತ್ತದೆ, ಗಾಜು ಸೀಳುತ್ತದೆ.

ಲೋಹದ ಆಯ್ಕೆಯನ್ನೂ ಕಾವೇ ನಿರ್ಧರಿಸುತ್ತದೆ. ಶುದ್ಧ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿಯಲ್ಲಿ, ಹಾಗಾಗಿ ಮೀನಾಕ್ಕೆ ಜಾಗ ಇದೆ. ಶೇ 92.5ರ ಬೆಳ್ಳಿಯಲ್ಲಿ ಉಳಿದದ್ದು ಸಾಮಾನ್ಯವಾಗಿ ತಾಮ್ರ. ಈ ಬೆರಕೆ ಬೆಳ್ಳಿ 800 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ತೊಡಗುತ್ತದೆ. ಜೊತೆಗೆ ತಾಮ್ರ ಸುಟ್ಟು ಕಪ್ಪಾಗಿ ಪಾರದರ್ಶಕ ಬಣ್ಣದ ಅಡಿಯಲ್ಲಿ ಕಲೆಯಾಗಿ ಕೂರುತ್ತದೆ. ಬೆಸುಗೆಗೂ ಇದೇ ಲೆಕ್ಕ. ಸುಲಭವಾಗಿ ಕರಗುವ ಬೆಸುಗೆ ಹಾಕಿದರೆ ಮೀನಾ ಸುಡುವಾಗ ಒಡವೆಯೇ ಬಿಚ್ಚಿಕೊಳ್ಳುತ್ತದೆ.

ಈಗ ಹರಳಿಗೆ ಬರೋಣ. ಓಪಲ್‌ನೊಳಗೆ ನೀರಿನಂಶ ಇರುತ್ತದೆ, ಕಾವಿಗೆ ಬಿರುಕು ಬಿಡುತ್ತದೆ. ಪಚ್ಚೆಯ ಸಣ್ಣ ಬಿರುಕುಗಳಿಗೆ ಎಣ್ಣೆ ತುಂಬುವುದು ರೂಢಿ, ಆ ಎಣ್ಣೆ ಉಳಿಯುವುದಿಲ್ಲ. ನೇರಳೆ ಅಮೆಥಿಸ್ಟ್ ತನ್ನ ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಮುತ್ತಿನ ಮಾತೇ ಬೇಡ. ವಜ್ರ ಗಟ್ಟಿ ಅಲ್ವಾ ಅನ್ನಬಹುದು. ಅದು ಇಂಗಾಲ. ಗಾಳಿಯಲ್ಲಿ ಅಷ್ಟು ಕಾಯಿಸಿದರೆ ಅದರ ಮೇಲ್ಮೈ ಸುಟ್ಟು ಮಂಕಾಗಬಹುದು. ಹಾಗಾಗಿ ಹರಳು ಕೂರುವ ಗೂಡನ್ನು ಮೊದಲೇ ಬೆಸೆದಿಟ್ಟು, ಮೀನಾದ ಕೊನೆಯ ಸುಡುವಿಕೆ ಮುಗಿದ ಮೇಲೆ ಹರಳು ಕೂರಿಸುತ್ತೇವೆ.

ನನ್ನ ಕೈ ಅತ್ಯಂತ ಎಚ್ಚರವಾಗಿರುವುದು ಆ ಹೊತ್ತಿನಲ್ಲಿ. ಗೂಡಿನ ಅಂಚನ್ನು ಒತ್ತಿ ಹರಳಿನ ಮೇಲೆ ಬಾಗಿಸಬೇಕು, ಪಕ್ಕದಲ್ಲೇ ಗಾಜಿದೆ. ಒತ್ತಡ ಸ್ವಲ್ಪ ಅತ್ತಿತ್ತ ಆದರೂ ಮೀನಾ ಚಕ್ಕೆ ಏಳುತ್ತದೆ. ಅದಕ್ಕೇ ಎರಡರ ನಡುವೆ ಲೋಹದ ಸಣ್ಣ ಬಯಲು ಬಿಡುತ್ತೇನೆ. ನೋಡುವವರಿಗೆ ಅದು ಅಲಂಕಾರದ ಗೆರೆಯಂತೆ ಕಾಣಬಹುದು. ಇನ್ನೊಂದು ದಾರಿಯೂ ಇದೆ, ಉಂಗುರಕ್ಕೆ ನಾನು ಅದನ್ನೇ ಜಾಸ್ತಿ ಇಷ್ಟಪಡುತ್ತೇನೆ. ಮೀನಾದ ತುಣುಕನ್ನು ಬೇರೆಯಾಗಿ ಸುಟ್ಟು, ಅದನ್ನೂ ಒಂದು ಹರಳು ಅನ್ನುವಂತೆ ಗೂಡಿನಲ್ಲಿ ಕೂರಿಸುವುದು. ಪದೇ ಪದೇ ಸುಟ್ಟ ಬೆಳ್ಳಿ ಮೆತ್ತಗಾಗುತ್ತದೆ. ಉಂಗುರದ ಬಳೆ, ಅಂದರೆ ಬೆರಳನ್ನು ಸುತ್ತುವ ಭಾಗ, ಆ ಬೆಂಕಿಯಿಂದ ದೂರ ಉಳಿದರೆ ಗಟ್ಟಿಯಾಗಿರುತ್ತದೆ.

ಹಳೆಯ ಕೆಲಸಗಾರರು ಈ ಎರಡನ್ನೂ ಒಂದಕ್ಕೊಂದು ಆಸರೆಯಾಗುವಂತೆ ಜೋಡಿಸಿದ್ದನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಕ್ಸ್‌ಫರ್ಡಿನ ಆ್ಯಶ್ಮೋಲಿಯನ್ ಮ್ಯೂಸಿಯಂನಲ್ಲಿ ‘ಆಲ್ಫ್ರೆಡ್ ಜ್ಯುವೆಲ್’ ಇದೆ. 9ನೇ ಶತಮಾನದ ಕೊನೆಯದು, 1693ರಲ್ಲಿ ಮಣ್ಣಿನಿಂದ ಸಿಕ್ಕಿದ್ದು. ಅದರಲ್ಲಿ ಮೀನಾದ ಚಿತ್ರದ ಮೇಲೆ ಸ್ಫಟಿಕದ ಮುಚ್ಚಳವಿದೆ. ಮೋಸ್ ಅಳತೆಯಲ್ಲಿ ಸ್ಫಟಿಕದ ಗಡಸುತನ 7, ಮೀನಾ ಅದಕ್ಕಿಂತ ಮೆತ್ತಗೆ. ಗೀರು ಬೀಳುವುದನ್ನು ಕಲ್ಲು ತಡೆದಿದೆ, ಒಳಗಿನ ಬಣ್ಣ ಕಲ್ಲಿನ ಮೂಲಕ ಕಾಣುತ್ತದೆ. ಲಿಸ್ಬನ್ನಿನ ಗುಲ್ಬೆಂಕಿಯನ್ ಮ್ಯೂಸಿಯಂನಲ್ಲಿರುವ ಫ್ರಾನ್ಸಿನ ಒಡವೆ ಕಲಾವಿದ ರೆನೆ ಲಾಲಿಕ್‌ರ ಏರೋಪ್ಲೇನ್ ಚಿಟ್ಟೆಯ ಒಡವೆಯೂ ಹೀಗೇ, 1897–98ರ ಹೊತ್ತಿನದು. ರೆಕ್ಕೆಗಳ ಮೀನಾಕ್ಕೆ ಹಿಂದೆ ಲೋಹವೇ ಇಲ್ಲ, ಚಿನ್ನದ ಚೌಕಟ್ಟಿನ ನಡುವೆ ನಿಂತ ಗಾಜು ಅಷ್ಟೇ. ಬೆಳಕು ಆಚೆಯಿಂದ ಈಚೆಗೆ ಹಾಯುತ್ತದೆ. ಜೊತೆಗೆ ವಜ್ರ, ಚಂದ್ರಕಾಂತ ಶಿಲೆ. ಇಂಥದ್ದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕ ಒಂದು ಕಡೆ ತಪ್ಪಿದರೂ ರೆಕ್ಕೆ ಉಳಿಯುತ್ತಿರಲಿಲ್ಲ.

ಧರಿಸುವವರಿಗೆ ಈ ಕ್ರಮ ಗೊತ್ತಿದ್ದರೆ ರಿಪೇರಿಯ ಹೊತ್ತಿನಲ್ಲಿ ಅನುಕೂಲ. ಮೀನಾದ ಚಕ್ಕೆ ಎದ್ದರೆ ಸುಮ್ನೆ ಅಲ್ಲಿಗೆ ಒಂದು ಚೂರು ತುಂಬಿ ಕೊಡಿ ಅಂತ ಕೇಳುತ್ತಾರೆ. ಬೆಂಕಿಯಲ್ಲಿ ಸರಿಮಾಡಬೇಕಾದರೆ ಒಂದೊಂದು ಹರಳನ್ನೂ ಬಿಡಿಸಿ, ಮತ್ತೆ ಸುಟ್ಟು, ಮತ್ತೆ ಕೂರಿಸಬೇಕು. ಕೆಲಸ ಹೆಚ್ಚು, ಅಪಾಯವೂ ಇದೆ. ಇಲ್ಲದಿದ್ದರೆ ಬಣ್ಣ ಬೆರೆಸಿದ ರೆಸಿನ್ ತುಂಬಬಹುದು. ಅದು ಗಾಜಲ್ಲ, ಮೆತ್ತಗಿರುತ್ತದೆ. ಚಿಕ್ಕ ಚಕ್ಕೆಗೆ ನಾನೂ ರೆಸಿನ್ನನ್ನೇ ಸೂಚಿಸುತ್ತೇನೆ, ಆದರೆ ಅದು ರೆಸಿನ್ ಅಂತ ಹೇಳಿಯೇ ಹಾಕುತ್ತೇನೆ. ಹೊಸದು ಕೊಳ್ಳುವಾಗಲೂ ಇದು ಕುಲುಮೆಯಲ್ಲಿ ಸುಟ್ಟದ್ದಾ, ತಣ್ಣಗೆ ತುಂಬಿದ ರೆಸಿನ್ನಾ ಅಂತ ನೇರವಾಗಿ ಕೇಳಿ. ಸುಟ್ಟದ್ದಾದರೆ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಬೇಡಿ. ಉಗುರುಬೆಚ್ಚನೆಯ ನೀರು, ಒಂದು ತೊಟ್ಟು ಸೋಪು, ಮೆತ್ತನೆಯ ಬಟ್ಟೆ ಸಾಕು.